ಸೀದ ಹಾಲಿನ ವಾಸನೆ

ಮೇಲುಗಡೆ ಪೀಠಿಕೆ ಹಾಕಿ ಜಾಗ ಹಾಳುಮಾಡಬೇಡಿ ಎಂದು ಚೆನ್ನಾಜಮ್ಮ ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ. ನಮ್ಮೂರಲ್ಲಿ ಹೊಟ್ಟೆಯೊಳಗೆ ಮಾತು ಇಟ್ಟುಕೊಂಡವರ ಮೈಯಿಂದ ವಾಸನೆ ಬರುತ್ತದೆ. ಸಿಟ್ಟು ಇಟ್ಟುಕೊಂಡರೆ ಒಣಮೆಣಸಿನಕಾಯಿ ಹುರಿದ ಘಾಟು. ಹೊಟ್ಟೆಕಿಚ್ಚಾದರೆ ನಾಲ್ಕು ದಿನದ ಮಜ್ಜಿಗೆ. ಹೇಳಿಕೊಳ್ಳದ ಪ್ರೀತಿಯಾದರೆ ಹಲಸಿನ ಹಣ್ಣು. ಅದನ್ನು ಎಷ್ಟು ಗೋಣಿಚೀಲದಲ್ಲಿ ಸುತ್ತಿಟ್ಟರೂ ಬೀದಿಗೆಲ್ಲ ಗೊತ್ತಾಗಿಬಿಡುತ್ತದೆ. ಮಾಡಿದ ತಪ್ಪನ್ನು ಬಚ್ಚಿಟ್ಟುಕೊಂಡವರ ಹತ್ತಿರ ಮಾತ್ರ ತಳ ಹಿಡಿದು ಸೀದ ಹಾಲಿನ ವಾಸನೆ. ಇದಕ್ಕೆಲ್ಲ ಮದ್ದು ಎರಡೇ. ಯಾರಿಗೆ ಹೇಳಬೇಕೋ ಅವರ ಮುಖಕ್ಕೇ ಹೇಳಿಬಿಡಬೇಕು, ಇಲ್ಲವೇ ಸ್ವಂತ ಕೈಯಲ್ಲಿ ಪುಸ್ತಕದಲ್ಲಿ ಬರೆದುಬಿಡಬೇಕು. ಬರೆದರೆ ವಾಸನೆ ಮೈ ಬಿಟ್ಟು ಕಾಗದಕ್ಕೆ ಹೋಗುತ್ತದೆ. ಮುಖಕ್ಕೆ ಹೇಳುವ ಧೈರ್ಯ ಯಾವ ಊರಲ್ಲಿ ತಾನೇ ಹೆಚ್ಚು? ಆದ್ದರಿಂದ ನಮ್ಮೂರಲ್ಲಿ ಎಲ್ಲರೂ ಬರೆಯುತ್ತಾರೆ.

ಮಧ್ಯಾಹ್ನ ನಾಲ್ಕಕ್ಕೆ ಬರವಣಿಗೆ ಮನೆಯ ಗಂಟೆ ಹೊಡೆಯುತ್ತದೆ. ಅಂಗಡಿಯವರು ತಕ್ಕಡಿ ಇಳಿಸುತ್ತಾರೆ, ಬಸ್ಸಿನವನು ಇಂಜಿನ್ ಆರಿಸುತ್ತಾನೆ, ಅತ್ತೆ ಒಂದು ಮೂಲೆಗೆ, ಸೊಸೆ ಇನ್ನೊಂದು ಮೂಲೆಗೆ ಹೋಗಿ ಕೂರುತ್ತಾರೆ. ಅರ್ಧ ಗಂಟೆ ಊರಿಗೆ ಊರೇ ತಲೆ ಬಗ್ಗಿಸಿ ಬರೆಯುತ್ತದೆ. ಒಬ್ಬರ ಪುಸ್ತಕ ಇನ್ನೊಬ್ಬರು ತೆಗೆಯುವಂತಿಲ್ಲ. ತೆಗೆದವನಿಗೆ ಊರಲ್ಲಿ ಹೆಣ್ಣು ಕೊಡುವುದಿಲ್ಲ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ತನ್ನ ವಾಸನೆ ತನ್ನ ಮೂಗಿಗೆ ಬರುವುದಿಲ್ಲ. ಎದುರಿಗಿದ್ದವರು ಮೂಗು ಸೊಟ್ಟ ಮಾಡಿದಾಗಲೇ ಗೊತ್ತು. ಅದಕ್ಕೇ ನಮ್ಮಲ್ಲಿ ಹೆಂಡತಿ "ರೀ, ಪುಸ್ತಕ ತಗೊಳ್ಳಿ" ಎಂದರೆ ಗಂಡ ವಾದಕ್ಕೆ ನಿಲ್ಲುವುದಿಲ್ಲ. ಸುಮ್ಮನೆ ಪೆನ್ನು ಹುಡುಕುತ್ತಾನೆ.

ಆ ಗಂಟೆ ಬಾರಿಸುವವನು ನಾನೇ, ಶಿವನಂಜಯ್ಯ ಮೇಷ್ಟ್ರು. ಮಕ್ಕಳಿಗೆ ಅಕ್ಷರ ಕಲಿಸುವುದು, ತುಂಬಿದ ಪುಸ್ತಕಗಳನ್ನು ಬೀರುವಿನಲ್ಲಿ ಜೋಪಾನ ಮಾಡುವುದು, ಪರಊರಿಗೆ ಕಾಗದ ಬರೆಸಬೇಕೆನ್ನುವ ಅಕ್ಷರ ಬಾರದ ಒಬ್ಬಿಬ್ಬರಿಗೆ ಬರೆದುಕೊಡುವುದು ನನ್ನ ಕೆಲಸ. ಬರವಣಿಗೆ ಮನೆಯೊಳಗೆ ಕಾಲಿಟ್ಟರೆ ಎರಡು ತಲೆಮಾರಿನ ಸಿಟ್ಟು ಸೆಡವು ಎಲ್ಲ ಒಟ್ಟಿಗೆ ಮೂಗಿಗೆ ಹೊಡೆಯುತ್ತದೆ. ಅಲ್ಲಿ ಯಾವುದು ಯಾರದು ಎಂದು ಬ್ರಹ್ಮನಿಗೂ ತಿಳಿಯದು. ನನ್ನವೇ ಮೂವತ್ತನಾಲ್ಕು ಪುಸ್ತಕಗಳಿದ್ದವು. ಊರಲ್ಲಿ ಅಷ್ಟು ಬರೆದವರು ಬೇರೆ ಯಾರೂ ಇರಲಿಲ್ಲ. ತಾಯಂದಿರು ಮಕ್ಕಳಿಗೆ ನನ್ನನ್ನು ತೋರಿಸಿ, "ನೋಡು, ಮೇಷ್ಟ್ರ ಹಾಗೆ ದಿನಾ ಬರೀಬೇಕು. ಅವರ ಹತ್ರ ಯಾವತ್ತಾದ್ರೂ ವಾಸನೆ ಬಂದಿದ್ಯಾ?" ಎನ್ನುತ್ತಿದ್ದರು. ನಾನು ಕೇಳಿಯೂ ಕೇಳದವನ ಹಾಗೆ ಹೋಗುತ್ತಿದ್ದೆ. ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಚೆನ್ನಾಜಮ್ಮ ಸಂತೆಬೀದಿಯಲ್ಲಿ ಖಾನಾವಳಿ ನಡೆಸುವವಳು. ಬೇರೆ ಊರಿನಿಂದ ಮದುವೆಯಾಗಿ ಬಂದವಳು, ಅಕ್ಷರ ಕಲಿತವಳಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಒಲೆ ಹಚ್ಚಿ ಇಪ್ಪತ್ತು ವರ್ಷ ಊರಿಗೆ ಅನ್ನ ಹಾಕಿದಳು. ಬರೆಯದೆಯೂ ವಾಸನೆ ಬಾರದ ಒಂದೇ ಹೆಂಗಸು ಅವಳು, ಏಕೆಂದರೆ ಅವಳದು ಎಲ್ಲವೂ ಮುಖದ ಮೇಲೆ. "ನೀನು ನಿನ್ನೆ ಎರಡು ಸಲ ಅನ್ನ ಹಾಕಿಸ್ಕೊಂಡು ಚೆಲ್ಲಿ ಹೋದೆ, ಇವತ್ತು ನೆಟ್ಟಗೆ ಉಣ್ಣು" ಎಂದು ಯಾರಿಗೆ ಬೇಕಾದರೂ ಹೇಳಿಬಿಡುತ್ತಿದ್ದಳು. ಬೈದ ಮೇಲೆ ಅವಳೇ ತುಪ್ಪ ಹಾಕುತ್ತಿದ್ದಳು. ನಾನು ಒಂಟಿ ಮನುಷ್ಯ, ಎರಡು ಹೊತ್ತೂ ನನ್ನ ಊಟ ಅಲ್ಲೇ. ಅಡುಗೆಮನೆ ಬಾಗಿಲ ಪಕ್ಕದ ಮಣೆ ನನ್ನದು. ಸಾರು ಮೊದಲು ಅಲ್ಲಿಗೇ ಬರುತ್ತದೆ ಎನ್ನುವ ಸ್ವಾರ್ಥ.

ಕಳೆದ ಕಾರ್ತಿಕದಲ್ಲಿ ಚೆನ್ನಾಜಮ್ಮನ ಅಕ್ಕ ಹೊನ್ನಕ್ಕ ತೀರಿಕೊಂಡಳೆಂದು ಆಕೆಯ ಮಗಳು ರುಕ್ಕಿ ಬರೆದ ಕಾರ್ಡು ಬಂತು. ನಾನು ಉಣ್ಣುತ್ತ ಕುಳಿತಿದ್ದೆ, ನಾನೇ ಓದಿ ಹೇಳಿದೆ. ಕಾರ್ಡು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. ಅಕ್ಕತಂಗಿಯರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ತಾಯಿಯ ಕೊನೆಗಾಲದಲ್ಲಿ ನಾನು ನೋಡಿಕೊಂಡೆ, ನೀನು ನೋಡಿಕೊಳ್ಳಲಿಲ್ಲ ಎಂದು ಶುರುವಾದ ಜಗಳ ಅದು. ಚೆನ್ನಾಜಮ್ಮ ಸೌಟು ಕೆಳಗಿಟ್ಟು ಅಲ್ಲೇ ಕೂತುಬಿಟ್ಟಳು. ಆವತ್ತು ಎಲೆಯಲ್ಲಿದ್ದ ಅನ್ನವನ್ನು ಯಾರೂ ಪೂರ್ತಿ ಉಣ್ಣಲಿಲ್ಲ.

ಅದಾದ ವಾರದಲ್ಲೇ ಖಾನಾವಳಿಯಲ್ಲಿ ವಾಸನೆ ಶುರುವಾಯಿತು. ಮೊದಲು ಹೇಳಿದವನು ದರ್ಜಿ ತಮ್ಮಣ್ಣ. ಅಳತೆ ತೆಗೆಯಲು ಮೈಹತ್ತಿರ ನಿಂತೂ ನಿಂತೂ ಅವನ ಮೂಗು ಊರಿಗೇ ಹೆಸರುವಾಸಿ. ಮೊದಲ ತುತ್ತಿಗೇ ಮೂಗು ಅರಳಿಸಿ, "ಅಲ್ಲಾ, ಹಾಲು ಸೀದಿದೆ" ಎಂದ. ಒಲೆಯ ಮೇಲೆ ಹಾಲೇ ಇರಲಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಂಡರು. ಅಕ್ಕನಿಗೆ ಏನೋ ಅನ್ಯಾಯ ಮಾಡಿದ್ದಾಳೆ, ಹೇಳಿಬಿಡೋಣವೆಂದರೆ ಕೇಳಬೇಕಾದವಳೇ ಇಲ್ಲ, ಬರೆಯೋಣವೆಂದರೆ ಅಕ್ಷರವಿಲ್ಲ. ಲೆಕ್ಕ ಸರಿಹೋಯಿತು. ನಮ್ಮೂರಿನವರಿಗೆ ಇದೊಂದು ಚಾಳಿ. ಮೂಗಿಗೆ ಬಡಿದದ್ದು ತಲೆಗೂ ತಿಳಿಯಿತು ಎಂದುಕೊಳ್ಳುತ್ತಾರೆ. ದಿನಕ್ಕೆ ಅರವತ್ತು ಎಲೆ ಬೀಳುತ್ತಿದ್ದ ಕಡೆ ಮೂವತ್ತಾಯಿತು, ಹದಿನೈದಾಯಿತು. ಕೊನೆಗೆ ಸಂತೆಬೀದಿಯ ಹಿರಿಯರು ಬಂದು, "ಚೆನ್ನಾಜಮ್ಮ, ಅನ್ನದ ಜಾಗ ಇದು. ಯುಗಾದಿಯೊಳಗೆ ವಾಸನೆ ಹೋಗದಿದ್ರೆ ಒಲೆ ಆರಿಸಬೇಕಾಗ್ತದೆ" ಎಂದರು. ಅವಳು ವಾದ ಮಾಡಲಿಲ್ಲ. ಅವಳು ವಾದ ಮಾಡದ್ದೇ ತಪ್ಪಿಗೆ ಸಾಕ್ಷಿ ಎಂದು ತಮ್ಮಣ್ಣ ಹೇಳಿಕೊಂಡು ತಿರುಗಿದ.

ನನಗೆ ಮಾತ್ರ ವಾಸನೆ ಬರುತ್ತಿರಲಿಲ್ಲ. ನೆಗಡಿಯಿರಬೇಕು, ಬರವಣಿಗೆ ಮನೆಯಲ್ಲೇ ಇದ್ದೂ ಇದ್ದೂ ಮೂಗು ಮಂದವಾಗಿರಬೇಕು ಎಂದುಕೊಂಡೆ. ಎಲ್ಲರೂ ಬಿಟ್ಟರೂ ನಾನು ಮಾತ್ರ ಎರಡು ಹೊತ್ತೂ ಹೋಗಿ ಉಣ್ಣುತ್ತಿದ್ದೆ, ಅದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. 'ಲೋಕ ಕೈಬಿಟ್ಟವರನ್ನು ಸಜ್ಜನರು ಕೈಬಿಡರು' ಎಂದು ಆ ದಿನದ ಪುಟದಲ್ಲಿ ಅಂದವಾಗಿ ಬರೆದುಕೊಂಡೂ ಇದ್ದೆ.

ಹಿರಿಯರು ಬಂದುಹೋದ ಮಾರನೆಯ ದಿನ ಚೆನ್ನಾಜಮ್ಮ ನನ್ನ ಎಲೆಗೆ ಸಾರು ಬಡಿಸುತ್ತ ಕೇಳಿದಳು, "ಮೇಷ್ಟ್ರೇ, ನಿಜ ಹೇಳಿ. ನಿಮಗೆ ಬರ್ತದಾ ಈ ವಾಸನೆ?"

"ಇಲ್ಲಪ್ಪ, ನನಗೇನೂ ಬರಲ್ಲ" ಎಂದೆ. ಅವಳ ಮನಸ್ಸು ನೋಯಿಸದ ಹಾಗೆ ಹೇಳಿದೆನೆಂದು ನನಗೆ ಸಮಾಧಾನ.

ಅವಳು ಸೌಟು ಹಿಡಿದುಕೊಂಡೇ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ನನಗೆ ಬರೆಯೋದು ಕಲಿಸಿ" ಎಂದಳು.

ಐವತ್ಮೂರು ವರ್ಷದ ಹೆಂಗಸು. ಊಟದ ಗಲಾಟೆ ಮುಗಿಸಿ ಎರಡು ಗಂಟೆಗೆ ಬರವಣಿಗೆ ಮನೆಗೆ ಬರುತ್ತಿದ್ದಳು. ಸ್ಲೇಟು ಬೇಡವೆಂದು ಮೊರದ ತುಂಬ ರಾಗಿಹಿಟ್ಟು ಹರವಿಕೊಂಡು ಬೆರಳಲ್ಲಿ ತಿದ್ದುತ್ತಿದ್ದಳು. 'ಅ' ಎನ್ನುವುದು ಕೋಡುಬಳೆ ಸುತ್ತಿದ ಹಾಗೆ ಎಂದು ಅವಳೇ ಕಂಡುಹಿಡಿದಳು. 'ಋ' ನೋಡಿ, "ಇದೇನ್ ಮೇಷ್ಟ್ರೇ, ಜಿಲೇಬಿ ಹಾಕೋನು ಕೈ ನಡುಗಿ ಬಿಟ್ಟಂಗಿದೆ" ಎಂದು ನಕ್ಕಳು. ಮಕ್ಕಳು ವರ್ಷಕ್ಕೆ ಕಲಿಯುವುದನ್ನು ಎರಡು ತಿಂಗಳಿಗೆ ಕಲಿತಳು. ಒಲೆಯ ಮುಂದೆ ಇದ್ದಿಲಲ್ಲಿ ಬರೆಯುತ್ತಿದ್ದಳು, ಹಿಟ್ಟು ನಾದುವಾಗ ಒತ್ತಕ್ಷರ ಗುನುಗುತ್ತಿದ್ದಳು. ನಾನು ನಲವತ್ತು ವರ್ಷ ಕಲಿಸಿದ್ದೇನೆ, ಅಂಥ ಹಸಿವು ಯಾವ ಶಿಷ್ಯರಲ್ಲೂ ಕಂಡಿಲ್ಲ. ಪಾಠದ ಹೊತ್ತಿನಲ್ಲಿ ಅವಳ ಹತ್ತಿರ ನನಗೆ ಒಂದು ಸಣ್ಣ ಏಲಕ್ಕಿ ವಾಸನೆ ಬರುತ್ತಿತ್ತು. ಅಡುಗೆಯವಳು, ಬರದೆ ಏನು ಎಂದು ಸುಮ್ಮನಾಗಿದ್ದೆ.

ಮೂರನೇ ತಿಂಗಳಿಂದ ದಿನಚರಿ ಶುರುಮಾಡಿಸಿದೆ. ಮನಸ್ಸಿನಲ್ಲಿ ಬಂದದ್ದನ್ನು ಬಂದ ಹಾಗೇ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ ಎಂದೆ. ಅವಳಿಗೆ ಆ ನಾಚಿಕೆಯೇ ಇರಲಿಲ್ಲ. "ತಪ್ಪಿದ್ರೆ ತಿದ್ದಿ" ಎಂದು ನನ್ನ ಮುಂದೆಯೇ ಇಡುತ್ತಿದ್ದಳು. ಒಂದು ದಿನ ಬರೆದಿದ್ದಳು: 'ಇವತ್ತು ಅಕ್ಕ ನೆನಪಾದಳು. ಅಳು ಬರಲಿಲ್ಲ. ಈರುಳ್ಳಿ ಹೆಚ್ಚಿದೆ. ಆಮೇಲೆ ಬಂತು.' ಇನ್ನೊಂದು ದಿನ: 'ಅವ್ವನನ್ನು ಅಕ್ಕನೇ ಹೆಚ್ಚು ನೋಡಿಕೊಂಡಳು. ನಾನು ಜಗಳ ಆಡಿದ್ದು ಅದಕ್ಕೇ. ಇದು ನನಗೆ ಈಗ ಬರೆಯುವಾಗ ಗೊತ್ತಾಯಿತು.' ಮತ್ತೊಂದು ದಿನ: 'ನನಗೆ ಬೆಳಗಿನ ಐದು ಗಂಟೆ ಇಷ್ಟ. ಆಗ ಯಾರಿಗೂ ಹಸಿವಿರುವುದಿಲ್ಲ.' ಓದಿ ನಾನು ದಂಗಾಗಿ ಕುಳಿತೆ. ನನ್ನ ಮೂವತ್ತನಾಲ್ಕು ಪುಸ್ತಕಗಳಲ್ಲಿ ಸೂರ್ಯಾಸ್ತಗಳಿವೆ, ಪಿಕಳಾರ ಹಕ್ಕಿಗಳಿವೆ, ಸಜ್ಜನರ ಲಕ್ಷಣಗಳಿವೆ. ಇಂಥ ಒಂದು ಸಾಲು ಹುಡುಕಿದರೂ ಸಿಗದು. ಅವಳು ಬರೆಯುತ್ತ ಬರೆಯುತ್ತ ತನ್ನನ್ನು ತಾನೇ ಪರಿಚಯ ಮಾಡಿಕೊಳ್ಳುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. ಅದನ್ನು ಮಾತ್ರ ಆವತ್ತೇ ಬರೆದು ಕಳೆದುಕೊಂಡೆ.

ಆದರೆ ಸೀದ ಹಾಲು ಹೋಗಲಿಲ್ಲ. ಅಕ್ಕನ ಬಗ್ಗೆ ಬರೆದಳು, ಗಂಡನ ಬಗ್ಗೆ ಬರೆದಳು, ಹುಟ್ಟಿ ಒಂಬತ್ತೇ ದಿನಕ್ಕೆ ಹೋದ ಕೂಸಿನ ಬಗ್ಗೆ ಬರೆದಳು. ಪ್ರತಿಸಲವೂ ತಮ್ಮಣ್ಣ ಖಾನಾವಳಿಯ ಬಾಗಿಲಲ್ಲಿ ನಿಂತು ಮೂಗು ಎತ್ತಿ, "ಊಹೂಂ, ಇನ್ನೂ ಇದೆ" ಎಂದು ಹೋಗುತ್ತಿದ್ದ. ಎಲೆಗಳು ನಾಲ್ಕಕ್ಕೆ ಇಳಿದವು. ಯುಗಾದಿಗೆ ಒಂದೇ ದಿನ ಉಳಿಯಿತು. ದೊಡ್ಡ ಹಂಡೆಯನ್ನು ಬೋರಲು ಹಾಕಿ, ಪಾತ್ರೆಗಳನ್ನು ಗೋಣಿಗೆ ತುಂಬಿಟ್ಟು ಆವತ್ತೂ ಎರಡು ಗಂಟೆಗೆ ಪಾಠಕ್ಕೆ ಬಂದಳು. ಈ ಹೆಂಗಸು ಇಷ್ಟು ಕಷ್ಟಪಟ್ಟು ಕಲಿತದ್ದೆಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು ಸಂಕಟಪಟ್ಟೆ.

ನಾಲ್ಕರ ಗಂಟೆ ಬಾರಿಸಿ ಬಂದು ಕುಳಿತೆ. ಊರು ಮೌನವಾಯಿತು. ಅವಳು ಒಂದೇ ಒಂದು ಸಾಲು ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ತಳ್ಳಿದಳು.

'ಈ ವಾಸನೆ ನನಗೆ ಬರುತ್ತದೆ.'

ನಾನು ಎಂಥ ಮನುಷ್ಯ ನೋಡಿ. ಮೊದಲು ಅಕ್ಷರ ನೋಡಿದೆ. "ಭೇಷ್, ಒಂದೂ ತಪ್ಪಿಲ್ಲ" ಎಂದು ಪುಸ್ತಕವನ್ನು ವಾಪಸ್ಸು ತಳ್ಳಿದೆ. ಅವಳು ಮುಟ್ಟಲಿಲ್ಲ. ಆಗ ಆ ಸಾಲನ್ನು ಇನ್ನೊಮ್ಮೆ ಓದಿದೆ. ತನ್ನ ವಾಸನೆ ತನಗೆ ಬರುವುದಿಲ್ಲ. ಅವಳಿಗೆ ಬರುತ್ತದೆ. ನನಗೆ ಬರುವುದಿಲ್ಲ. ಖಾನಾವಳಿಯಲ್ಲಿ ಎರಡು ಹೊತ್ತೂ, ಅಡುಗೆಮನೆ ಬಾಗಿಲ ಪಕ್ಕದಲ್ಲೇ, ಒಂದು ದಿನವೂ ತಪ್ಪದೆ ಕೂರುವವನು ಯಾರು?

"ಯಾವಾಗಿಂದ ಗೊತ್ತು?" ಎಂದೆ.

"ಮೊದಲನೇ ದಿನದಿಂದ" ಎಂದು ಅವಳು ಪಿಸುಗುಟ್ಟಿದಳು. "ನೀವು ಎದ್ದು ಹೋದ್ರೆ ಕಮ್ಮಿ ಆಗೋದು, ಬಂದು ಕೂತ್ರೆ ಜಾಸ್ತಿ ಆಗೋದು."

"ಮತ್ತೆ ಯಾಕೆ ಹೇಳಲಿಲ್ಲ, ತಾಯಿ? ಎಲ್ಲರಿಗೂ ಮುಖದ ಮೇಲೆ ಹೇಳೋರು ನೀವು!"

"ಹೇಳಿದ್ರೆ ಊರಿಗೆಲ್ಲ ಕೇಳ್ತದೆ. ನನ್ನ ಗಂಟಲು ನಿಮಗೆ ಗೊತ್ತಲ್ಲ. ಊರಿಗೆ ಗೊತ್ತಾದ್ರೆ ನಿಮ್ಮ ಹತ್ರ ಮಕ್ಕಳನ್ನ ಯಾರು ಕಳಿಸ್ತಾರೆ? ನನ್ನ ಒಲೆ ಇಲ್ಲಿ ಆರಿದ್ರೆ ಇನ್ನೊಂದೂರಲ್ಲಿ ಹೊತ್ತಿಸ್ತೀನಿ. ನಿಮಗೆ ಈ ಗಂಟೆ ಬಿಟ್ರೆ ಏನಿದೆ? ಬರೆದು ತೋರಿಸಿದ್ರೆ ನಿಮಗೊಬ್ಬರಿಗೇ ಕಾಣ್ತದೆ. ಅದಕ್ಕೇ ಬರೆಯೋದು ಕಲ್ತೆ. ಬೇಗ ಕಲ್ತುಬಿಡ್ತೀನಿ ಅಂದ್ಕೊಂಡಿದ್ದೆ. ಆಮೇಲೆ ಅಕ್ಕ, ಅವ್ವ ಎಲ್ಲ ನಡುವೆ ಬಂದುಬಿಟ್ರು."

ಆಗ ಗಮನಿಸಿದೆ, ಅವಳ ಹತ್ತಿರ ಇಷ್ಟು ದಿನ ಬರುತ್ತಿದ್ದ ಏಲಕ್ಕಿ ವಾಸನೆ ಇರಲಿಲ್ಲ. ಇನ್ನೊಬ್ಬರ ಮಾನ ಕಾಯಲು ಬಾಯಿ ಕಟ್ಟಿಕೊಂಡರೆ ಆ ವಾಸನೆ ಬರುತ್ತದೆಂದು ನಮ್ಮೂರಿನ ಯಾರ ಮೂಗಿಗೂ ಗೊತ್ತಿರಲಿಲ್ಲ. ಯಾರಾದರೂ ಹಾಗೆ ಮಾಡಿದ್ದರೆ ತಾನೇ ಗೊತ್ತಿರುವುದು!

"ಅದೇನಿದ್ಯೋ ಬರೆದುಬಿಡಿ ಮೇಷ್ಟ್ರೇ" ಎಂದಳು. "ನಾನು ಆ ಕಡೆ ತಿರುಗಿ ಕೂತ್ಕೋತೀನಿ."

ಮೂವತ್ತನಾಲ್ಕು ಪುಸ್ತಕ ತುಂಬಿಸಿದ ಕೈ ಒಂದು ಅಕ್ಷರ ಮೂಡಿಸಲು ಒದ್ದಾಡಿತು. ಏನೆಂದು ನನಗೆ ಗೊತ್ತಿತ್ತು. ಅದುವರೆಗೆ ಮರೆತೇಬಿಟ್ಟಿದ್ದದ್ದು ಕಾರ್ತಿಕದಲ್ಲಿ ರುಕ್ಕಿಯ ಕಾರ್ಡು ಓದಿದ ಗಳಿಗೆಯಲ್ಲೇ ನೆನಪಾಗಿತ್ತು. ಅನ್ನದಲ್ಲಿ ಸಿಕ್ಕ ಕಲ್ಲನ್ನು ಯಾರೂ ನೋಡದ ಹಾಗೆ ಎಲೆಯಂಚಿಗೆ ಸರಿಸುತ್ತೇವಲ್ಲ, ಹಾಗೆ ಸರಿಸಿಬಿಟ್ಟಿದ್ದೆ. ಈಗ ಬರೆದೆ:

'ಎರಡು ವರ್ಷದ ಹಿಂದೆ ಚೆನ್ನಾಜಮ್ಮ ಅಕ್ಕನಿಗೆ ಕಾರ್ಡು ಬರೆಸಲು ಬಂದಳು. ನಾನು ಮೇಲುಗಡೆ ಮಾತೃಸಮಾನರಾದ, ಪೂಜ್ಯರಾದ, ಕ್ಷೇಮ, ಸಾಂಪ್ರತ ಎಂದು ನನ್ನ ಪಾಂಡಿತ್ಯವನ್ನೆಲ್ಲ ಸುರಿದೆ. ಅರ್ಧ ಕಾರ್ಡು ಅದಕ್ಕೇ ಹೋಯಿತು. ಆಮೇಲೆ ಅವಳು ಹೇಳಿದ ದೂರುಗಳನ್ನು ಬರೆದೆ. ಕೊನೆಯಲ್ಲಿ ಅವಳು, ತಪ್ಪು ನಂದೇ, ನೀನು ಬಾ, ಎಂದು ಹೇಳಿದಳು. ಅಷ್ಟರಲ್ಲಿ ಜಾಗ ಮುಗಿದಿತ್ತು. ಇನ್ನೊಂದು ಕಾರ್ಡು ತೆಗೆದು ಮೊದಲಿಂದ ಬರೆಯಬಹುದಿತ್ತು. ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು, ನನ್ನ ಒಕ್ಕಣೆ ಬಹಳ ಚೆನ್ನಾಗಿ ಬಂದಿತ್ತು. ಓದಿ ಹೇಳಿ ಎಂದಳು. ಕಾರ್ಡಿನಲ್ಲಿ ಇಲ್ಲದ ಆ ಸಾಲನ್ನೂ ಸೇರಿಸಿ ಓದಿ ಹೇಳಿದೆ.'

ಬರೆದು ಪುಸ್ತಕವನ್ನು ಮುಚ್ಚಬಹುದಿತ್ತು. ಬರೆದ ಮೇಲೆ ವಾಸನೆ ಹೋಗುತ್ತದೆ, ನಮ್ಮೂರಿನ ನಿಯಮ ಅಷ್ಟೇ ಕೇಳುತ್ತದೆ. ಆದರೆ ನಾಲ್ಕು ತಿಂಗಳು ರಾಗಿಹಿಟ್ಟಿನಲ್ಲಿ ಬೆರಳು ಸವೆಸಿದವಳು ಬೆನ್ನು ಮಾಡಿ ಕುಳಿತಿದ್ದಳು. ಪುಸ್ತಕವನ್ನು ಅವಳ ತೊಡೆಯ ಮೇಲೆ ಇಟ್ಟೆ.

ಬೇರೊಬ್ಬರು ಬರೆದ ಇಡೀ ಪುಟ ಅವಳು ಓದಿದ್ದು ಅದೇ ಮೊದಲು. ಅಕ್ಷರಕ್ಕೊಂದು ಸಲ ಬೆರಳಿಟ್ಟು, ತುಟಿ ಕದಲಿಸುತ್ತ ಓದಿದಳು. 'ಸಾಂಪ್ರತ' ಓದಲು ಎರಡು ಸಲ ಹಿಂದಕ್ಕೆ ಹೋದಳು. 'ತಪ್ಪು ನಂದೇ' ದಾಟಿದ ಬೆರಳು 'ಜಾಗ ಮುಗಿದಿತ್ತು' ಎನ್ನುವಲ್ಲಿ ನಿಂತುಬಿಟ್ಟಿತು. ಓದುವುದನ್ನು ಕಲಿಸಿದ್ದಕ್ಕೆ ಆ ಗಳಿಗೆಯಲ್ಲಿ ನಾನು ಪಶ್ಚಾತ್ತಾಪಪಟ್ಟೆ.

"ಇದು ಹೋಗ್ಲೇ ಇಲ್ವಾ?" ಎಂದಳು.

"ಇಲ್ಲ."

"ಅಯ್ಯೋ ನಿಮ್ಮ! ಕರೆದ್ರೂ ಬರಲಿಲ್ಲ ಅಂತ ನಾನು ಎರಡು ವರ್ಷ ಉರ್ಕೊಂಡೆ. ಕರೀಲೇ ಇಲ್ಲ ಅಂತ ಅವಳು ಉರ್ಕೊಂಡೇ ಹೋದ್ಲು." ಮೊರವನ್ನು ಎತ್ತಿ ಕುಕ್ಕಿದಳು. ರಾಗಿಹಿಟ್ಟು ನನ್ನ ಮುಖ, ಮೀಸೆ, ಮೇಜು ಎಲ್ಲ ಕಡೆ ಹಾರಿತು. ಸೆರಗು ಬಾಯಿಗೆ ಒತ್ತಿಕೊಂಡು ಜೋರಾಗಿ ಅತ್ತಳು. ನಾನು ಒರೆಸಿಕೊಳ್ಳಲೂ ಹೋಗದೆ ಹಾಗೇ ನಿಂತೆ. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂತು. ಅದೂ ಒಂದು ಒಕ್ಕಣೆಯ ಹಾಗೆ ಕೇಳೀತೆಂದು ನುಂಗಿಕೊಂಡೆ.

ಅಳು ನಿಂತ ಮೇಲೆ ಮೂಗು ಒರೆಸಿಕೊಂಡು, "ಒಂದು ಕಾರ್ಡು ಕೊಡಿ" ಎಂದಳು. ಕೊಟ್ಟೆ. ಮೇಲಿನ ಅಂಚಿಗೇ ತಾಗಿಸಿ, ಸಂಬೋಧನೆಯೊಂದೂ ಇಲ್ಲದೆ ಬರೆದಳು: 'ರುಕ್ಕಿ, ತಪ್ಪು ನಂದೇ ಬಾ ಅಂತ ನಿಮ್ಮಮ್ಮನಿಗೆ ಬರೆಸಿದ್ದೆ. ಅದು ಮುಟ್ಟಲಿಲ್ಲ. ನೀನು ಬಾ. ಚಿಕ್ಕಮ್ಮ.' ಯಾರಿಂದ ಮುಟ್ಟಲಿಲ್ಲ ಎಂದು ಬರೆಯಲಿಲ್ಲ. ಮುಕ್ಕಾಲು ಕಾರ್ಡು ಖಾಲಿ ಉಳಿದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು, ನಾನು, "ಇನ್ನೂ ಜಾಗ ಇದೆ" ಎಂದುಬಿಟ್ಟೆ.

"ಇರ್ಲಿ" ಎಂದಳು.

ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತು ಒಮ್ಮೆ ಗಾಳಿ ಎಳೆದುಕೊಂಡು, "ನಿಮ್ಮದು ಹೋಯ್ತು" ಎಂದಳು. "ಆದ್ರೆ ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಖಕ್ಕೇ ಹೇಳ್ತಿದ್ದೀನಿ. ಎರಡು ದಿನ ಕಣ್ಣಿಗೆ ಬೀಳಬೇಡಿ. ಮೂರನೇ ದಿನ ಊಟಕ್ಕೆ ಬನ್ನಿ."

ಎರಡು ದಿನ ಅವಲಕ್ಕಿ ನೆನೆಸಿಕೊಂಡು ತಿಂದೆ. ಮೂರನೇ ದಿನ ಹೋದಾಗ ಖಾನಾವಳಿ ಕಿಕ್ಕಿರಿದಿತ್ತು. ಯುಗಾದಿಯ ಬೆಳಗ್ಗೆಯೇ ತಮ್ಮಣ್ಣ ಬಂದು ಮೂಸಿ, ವಾಸನೆ ಹೋಯಿತೆಂದು ಊರಿಗೆ ಸಾರಿದ್ದನಂತೆ. ಹಂಡೆ ಮತ್ತೆ ಒಲೆ ಏರಿತ್ತು. ನನ್ನ ಮಣೆ ಖಾಲಿ ಇತ್ತು. ಕುಳಿತೆ. ಎಲೆ ಬಿತ್ತು. ತಮ್ಮಣ್ಣ ಅನ್ನ ಕಲಸುತ್ತ ನಾಲ್ಕು ಜನಕ್ಕೆ ಕೇಳುವ ಹಾಗೆ, "ನಾನು ಹೇಳ್ಲಿಲ್ವಾ? ಅಕ್ಕನಿಗೆ ಏನೋ ಮಾಡಿದ್ಲು, ಬರೆದು ತೊಳ್ಕೊಂಡ್ಲು. ಮೇಷ್ಟ್ರು ಕಲಿಸಿದ್ದಕ್ಕೆ ಬಚಾವಾದ್ಲು. ಎಲ್ಲಾ ಮೇಷ್ಟ್ರ ಪುಣ್ಯ" ಎಂದ.

ಚೆನ್ನಾಜಮ್ಮ ಕೇಳಿಸಿಕೊಂಡಳು. ಸಾರಿನ ಪಾತ್ರೆ ಹಿಡಿದುಕೊಂಡು ಏನೂ ಆಗದವಳಂತೆ ಮುಂದಿನ ಎಲೆಗೆ ಹೋದಳು. ತಮ್ಮಣ್ಣ ಅಂದದ್ದನ್ನು ನಾನು ಅನ್ನದ ಜೊತೆ ನುಂಗಬಹುದಿತ್ತು. ನುಂಗಿದರೆ ಎಷ್ಟು ದಿನಕ್ಕೆ ಮತ್ತೆ ಈ ಮನೆಯಲ್ಲಿ ಹಾಲು ಸೀಯುತ್ತದೆಂದು ನನಗೆ ಗೊತ್ತಿತ್ತು. ಎದ್ದು ನಿಂತೆ.

"ತಮ್ಮಣ್ಣ, ಆ ವಾಸನೆ ಚೆನ್ನಾಜಮ್ಮನದಲ್ಲ. ನನ್ನದು" ಎಂದೆ. ಕಾರ್ಡಿನ ವಿಷಯ ಮೊದಲಿಂದ ಕೊನೆಯವರೆಗೆ ಹೇಳಿದೆ. ಒಂದು ಅಲಂಕಾರದ ಮಾತೂ ಸೇರಿಸಲಿಲ್ಲ. ಅರವತ್ತು ಕೈಗಳು ಎಲೆಯ ಮೇಲೆ ನಿಂತವು. ತಮ್ಮಣ್ಣ ಅಭ್ಯಾಸಬಲದಿಂದ ಮೂಗು ಎತ್ತಿ ನನ್ನ ಕಡೆ ಮೂಸಿದ. "ಏನೂ ಬರ್ತಿಲ್ವಲ್ಲ" ಎಂದ.

"ಹೇಳಿಯಾಯ್ತಲ್ಲ, ಇನ್ನೆಲ್ಲಿ ಬರ್ತದೆ?" ಎಂದಳು ಚೆನ್ನಾಜಮ್ಮ. "ಏನ್ ನೋಡ್ತಾ ಕೂತಿದ್ದೀರಿ ಎಲ್ಲಾ? ಉಣ್ಣಿ, ಸಾರು ಆರ್ತದೆ." ನನ್ನ ಹತ್ತಿರ ಬಂದು, ಇನ್ನೂ ನಿಂತೇ ಇದ್ದ ನನ್ನ ಭುಜ ಹಿಡಿದು ಕೂರಿಸಿದಳು. ಎಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಅನ್ನದ ಮೇಲೆ ತುಪ್ಪ ಹಾಕಿದಳು.